ಒಂದನೇ ತರಗತಿಯ 22 ಮಕ್ಕಳು, 40 ನಿಮಿಷ: ಹ್ಯಾಲೋವೀನ್‌ಗೆ ಯಾವ ಒರಿಗಾಮಿ ಮಾಡಿಸಲಿ?

ಸಂಪಿಗೆ (ಫ್ರೀಮಾಂಟ್, ಕ್ಯಾಲಿಫೋರ್ನಿಯಾ), ಅಕ್ಟೋಬರ್ 9, 2024

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಒಂದನೇ ತರಗತಿಯಲ್ಲಿದ್ದಾಳೆ. ಅಕ್ಟೋಬರ್ 31ರ ಗುರುವಾರ ಮಧ್ಯಾಹ್ನ ತರಗತಿಯಲ್ಲಿ ಹ್ಯಾಲೋವೀನ್ ಪಾರ್ಟಿ. ಈ ಸಲ ತಿಂಡಿ, ಚಾಕೊಲೇಟ್ ಹಂಚುವ ಹಾಗಿಲ್ಲ. ಯಾರಾದರೂ ಮಕ್ಕಳಿಂದ ಕೈಕೆಲಸ ಮಾಡಿಸುತ್ತೀರಾ ಎಂದು ಟೀಚರ್ ಕೇಳಿದರು. ಒರಿಗಾಮಿ ಮಾಡಿಸುತ್ತೇನೆ ಎಂದು ನಾನು ಒಪ್ಪಿಕೊಂಡೆ. 22 ಮಕ್ಕಳು, 40 ನಿಮಿಷ, ದೊಡ್ಡವರು ನಾವು ಮೂರು ಜನ.

ನನಗೆ ಬರುವುದು ದೋಣಿ, ವಿಮಾನ, ಟೋಪಿ, ಕ್ಯಾಮರಾ. ಚಿಕ್ಕವಳಿದ್ದಾಗ ಹಾಸನದಲ್ಲಿ ಅಣ್ಣ ಕಲಿಸಿದ್ದು. ಕಳೆದ ಭಾನುವಾರ ಮನೆಯಲ್ಲೇ ಒಮ್ಮೆ ಮಾಡಿಸಿ ನೋಡೋಣ ಎಂದು ಮಗಳನ್ನೂ ಅವಳ ಇಬ್ಬರು ಗೆಳತಿಯರನ್ನೂ ಕೂರಿಸಿಕೊಂಡೆ. ವಿಡಿಯೊ ನೋಡಿಕೊಂಡು ಎಂಟು ಕಾಲಿನ ಜೇಡ. ಅರ್ಧ ದಾರಿಗೆ ಬರುವಷ್ಟರಲ್ಲಿ ಒಬ್ಬಳು ಅಳುತ್ತಿದ್ದಳು, ಇನ್ನೊಬ್ಬಳು ಮೇಜಿನ ಕೆಳಗೆ ಹೋಗಿ ಕೂತಿದ್ದಳು. ನನ್ನ ಮಗಳು "ಅಮ್ಮ, ನೀನೇ ಮಾಡ್ಕೊಡು" ಎಂದು ಹಾಳೆಯನ್ನು ನನ್ನ ಕಡೆ ತಳ್ಳಿದಳು. ಅದು ಮನಸ್ಸಿಗೆ ತುಂಬಾ ನಾಟಿತು.

ಆರೇಳು ವರ್ಷದವರು ಪೂರ್ತಿ ತಾವೇ ಮಾಡಿ ಮುಗಿಸುವಂಥದ್ದು ಏನಿದೆ? ತರಗತಿಯ ಕಿಟಕಿಗೆ ಅಂಟಿಸಿದರೆ ಚೆನ್ನಾಗಿಯೂ ಕಾಣಬೇಕು. ಯಾವ ಕಾಗದ ತರಲಿ? ಗೊತ್ತಿರುವವರು ದಯವಿಟ್ಟು ಹೇಳಿ.

ಮಳೆಹನಿ (ಯೊಕೊಹಾಮ, ಜಪಾನ್), ಅಕ್ಟೋಬರ್ 9

ಸಂಪಿಗೆ ಅವರೇ, ಜೇಡವನ್ನು ಮೊದಲು ಕೈಬಿಡಿ. ಅದು ದೊಡ್ಡವರಿಗೇ ಕಷ್ಟ.

ನನ್ನ ಮಗ ಇಲ್ಲಿ ಶಿಶುವಿಹಾರಕ್ಕೆ ಹೋಗುತ್ತಾನೆ. ಅಕ್ಟೋಬರ್ ಬಂತೆಂದರೆ ಗೋಡೆ ತುಂಬಾ ಕಾಗದದ ಕುಂಬಳಕಾಯಿ, ಬಾವಲಿ, ಓಬಾಕೆ. ಓಬಾಕೆ ಅಂದರೆ ದೆವ್ವ. ಅಲ್ಲಿನ ಟೀಚರ್‌ಗಳು ವಯಸ್ಸಿಗೆ ತಕ್ಕಂತೆ ಕೆಲಸ ಕೊಡುವುದನ್ನು ನೋಡಿ ನನಗೆ ಬಹಳ ಸಂತೋಷವಾಗಿದೆ. ಎರಡು ವರ್ಷದವರು ಮಡಿಸುವುದೇ ಇಲ್ಲ. ಟೀಚರ್ ಮಡಿಸಿಟ್ಟ ಕುಂಬಳಕಾಯಿಗೆ ಕಣ್ಣು ಬಾಯಿ ಅಂಟಿಸುತ್ತಾರೆ, ಅಷ್ಟೆ. ಮೂರು ವರ್ಷದವರು ಒಂದು ತ್ರಿಕೋನ ಮಡಿಸುತ್ತಾರೆ. ಐದು ವರ್ಷದವರಿಗೆ ನಾಲ್ಕೈದು ಮಡಿಕೆ. ಜಪಾನಿನಲ್ಲಿ ಹುಟ್ಟಿದ ಮಕ್ಕಳೂ ಹುಟ್ಟುತ್ತಲೇ ಕೊಕ್ಕರೆ ಮಡಿಸುವುದಿಲ್ಲ!

ನನ್ನ ಸಲಹೆ ಇದು. ಎಲ್ಲವೂ ಒಂದೇ ತ್ರಿಕೋನದಿಂದ ಶುರುವಾಗುವಂಥವನ್ನು ಆರಿಸಿಕೊಳ್ಳಿ. ಒಮ್ಮೆ ತ್ರಿಕೋನ ಕೈಗೆ ಬಂದರೆ ಬೆಕ್ಕು, ಕುಂಬಳಕಾಯಿ, ಬಾವಲಿ ಎಲ್ಲಕ್ಕೂ ಅದೇ ಸಾಕು.

ಕಪ್ಪು ಬೆಕ್ಕು ಎಲ್ಲಕ್ಕಿಂತ ಸುಲಭ. ಬಣ್ಣದ ಕಡೆ ಮೇಜಿಗೆ ತಾಗುವಂತೆ ಹಾಳೆ ಇಟ್ಟು, ಮೂಲೆಗೆ ಮೂಲೆ ಸೇರಿಸಿ ತ್ರಿಕೋನ ಮಾಡಿ. ಉದ್ದದ ಅಂಚು ಮಗುವಿನ ಹೊಟ್ಟೆಯ ಕಡೆ ಇರಲಿ, ತುದಿ ಮೇಲಿರಲಿ. ಆ ತುದಿಯನ್ನು ಸ್ವಲ್ಪ ಕೆಳಗೆ ಮಡಿಸಿ. ಎಡ ಮೂಲೆ, ಬಲ ಮೂಲೆ ಎರಡನ್ನೂ ಓರೆಯಾಗಿ ಮೇಲಕ್ಕೆ ತನ್ನಿ. ಅವೇ ಕಿವಿಗಳು. ತಿರುಗಿಸಿದರೆ ಬೆಕ್ಕಿನ ಮುಖ. ನಾಲ್ಕೇ ಮಡಿಕೆ. ಕಿವಿ ಒಂದು ದೊಡ್ಡದು, ಒಂದು ಚಿಕ್ಕದು ಆದರೂ ಅದು ಬೆಕ್ಕೇ. ಅದೇ ಇದರ ದೊಡ್ಡ ಗುಣ.

ಕುಂಬಳಕಾಯಿಗೆ ಕಿತ್ತಳೆ ಹಾಳೆ. ಅದೇ ತ್ರಿಕೋನ. ಎಡ ಬಲ ಮೂಲೆ ಎರಡನ್ನೂ ಮೇಲಿನ ತುದಿಗೆ ತಂದು ಸೇರಿಸಿದರೆ ಡೈಮಂಡ್ ಆಗುತ್ತದೆ, ಮಧ್ಯದಲ್ಲಿ ಉದ್ದಕ್ಕೆ ಒಂದು ಸೀಳು ಕಾಣುತ್ತದೆ. ಆ ಸೀಳು ಮೇಲೆ ಕಾಣುವ ಹಾಗೆ ಇಟ್ಟುಕೊಂಡು ನಾಲ್ಕೂ ಮೂಲೆಗಳನ್ನು ಸ್ವಲ್ಪ ಸ್ವಲ್ಪ ಒಳಕ್ಕೆ ಮಡಿಸಿ. ತಿರುಗಿಸಿ. ದುಂಡನೆಯ ಕುಂಬಳಕಾಯಿ. ಮೇಲೆ ಹಸಿರು ಕಾಗದದ ತೊಟ್ಟು ಅಂಟಿಸಿ, ಮುಖ ಬರೆಯಿಸಿ.

ಕಾಗದ 15 ಸೆಂಟಿಮೀಟರ್ ಚೌಕದ್ದು ತನ್ನಿ. ಒಂದು ಕಡೆ ಬಣ್ಣ, ಒಂದು ಕಡೆ ಬಿಳಿ ಇರುವುದೇ ಬೇಕು. ಎರಡೂ ಕಡೆ ಕಪ್ಪು ಇದ್ದರೆ ಮಕ್ಕಳಿಗೆ ಮಡಿಸಿದ ಗೆರೆಯೇ ಕಾಣುವುದಿಲ್ಲ.

ರಾಗಿಮುದ್ದೆ (ಪ್ಲೇನೋ, ಟೆಕ್ಸಾಸ್), ಅಕ್ಟೋಬರ್ 10

ಬಾವಲಿ ಹೇಗೆ ಎಂದು ಹೇಳಲೇ ಇಲ್ಲ ನೀವು! ನಮ್ಮ ಮನೆಯಲ್ಲಿ ಬಾವಲಿಗೇ ಜಾಸ್ತಿ ಬೇಡಿಕೆ.

ಮಳೆಹನಿ, ಅಕ್ಟೋಬರ್ 10

ಹೇಳುತ್ತೇನೆ. ಕಪ್ಪು ಹಾಳೆಯ ತ್ರಿಕೋನ. ಈ ಸಲ ಉದ್ದದ ಅಂಚು ಮೇಲೆ, ತುದಿ ಕೆಳಗೆ. ಮೇಲಿನ ಅಂಚನ್ನು ಎರಡು ಬೆರಳಗಲ ಕೆಳಕ್ಕೆ ಮಡಿಸಿ ತಿರುಗಿಸಿ. ಎಡಗಡೆಯ ರೆಕ್ಕೆಯನ್ನು ಮಧ್ಯದ ಕಡೆಗೆ ಮಡಿಸಿ, ಮತ್ತೆ ಅದನ್ನೇ ಹೊರಕ್ಕೆ ಹೊರಳಿಸಿ. ನೆರಿಗೆ ಹಿಡಿದ ಹಾಗೆ. ಬಲಗಡೆಯೂ ಹಾಗೇ. ಮೇಲೆ ಮಧ್ಯದಲ್ಲಿ ಕತ್ತರಿಯಿಂದ ಸಣ್ಣ ಕಚ್ಚು ಹಾಕಿದರೆ ಎರಡು ಕಿವಿ. ಹತ್ತು ಹದಿನೈದು ಬಾವಲಿಗಳನ್ನು ದಾರಕ್ಕೆ ಪೋಣಿಸಿ ಬಾಗಿಲಿಗೆ ಕಟ್ಟಿ ನೋಡಿ. ಮಾವಿನೆಲೆ ತೋರಣ ಕಟ್ಟುವ ಕೈಗೆ ಅದು ತಾನಾಗಿ ಬರುತ್ತದೆ.

ಕೊಕ್ಕರೆ (ಮೈಸೂರು), ಅಕ್ಟೋಬರ್ 10

ಒಂದು ಮಾತು ಹೇಳಲೇಬೇಕು. ಕತ್ತರಿ, ಅಂಟು ಬಂದರೆ ಅದು ಒರಿಗಾಮಿ ಅಲ್ಲ. ಒಂದೇ ಚೌಕ, ಬರೀ ಮಡಿಕೆ. ಯೊಶಿಜಾವಾ ಅಕಿರಾ ಅವರಂಥವರು (1911–2005) ಜೀವನವಿಡೀ ದುಡಿದು ಈ ಕಲೆಯನ್ನು ಎತ್ತರಕ್ಕೆ ಒಯ್ದರು. ನಾವು ಇಂದು ನೋಡುವ ಚಿತ್ರಗಳಲ್ಲಿ ಒಳಮಡಿಕೆಗೆ ತುಂಡು ಗೆರೆ, ಹೊರಮಡಿಕೆಗೆ ಗೆರೆ ಮತ್ತು ಚುಕ್ಕಿ ಇರುತ್ತದಲ್ಲ, ಬಾಣದ ಗುರುತು ಇರುತ್ತದಲ್ಲ, ಆ ಪದ್ಧತಿಯ ಮೂಲ ಅವರೇ. ಮಕ್ಕಳಿಗೆ ಮೊದಲಿನಿಂದಲೇ ಶುದ್ಧವಾಗಿ ಕಲಿಸಬೇಕು ಎಂಬುದು ನನ್ನ ಅಭಿಪ್ರಾಯ. ಕತ್ತರಿ ಕೊಟ್ಟರೆ ಮಕ್ಕಳು ಮಡಿಸುವುದು ಬಿಟ್ಟು ಕತ್ತರಿಸುವುದಕ್ಕೇ ಹೋಗುತ್ತಾರೆ.

ನೀಲಿ ಪೆನ್ಸಿಲ್ (ಬೆಂಗಳೂರು), ಅಕ್ಟೋಬರ್ 10

ಕೊಕ್ಕರೆ ಅವರೇ, ಕಲೆಯ ಮೇಲಿನ ನಿಮ್ಮ ಪ್ರೀತಿ ಅರ್ಥವಾಗುತ್ತದೆ. ಆದರೆ ನಾನು ಮಕ್ಕಳ ಆಕ್ಯುಪೇಷನಲ್ ಥೆರಪಿಸ್ಟ್. ಬೆರಳುಗಳಿಗೆ ಬಲ ಕಡಿಮೆ ಇರುವ ಮಕ್ಕಳ ಜೊತೆ ದಿನಾ ಕೂರುತ್ತೇನೆ. 22 ಮಕ್ಕಳಲ್ಲಿ ಒಬ್ಬಿಬ್ಬರಾದರೂ ಅಂಥವರು ಇದ್ದೇ ಇರುತ್ತಾರೆ. ಅವರಿಗೆ ಅಂಟಿಸುವುದು, ಬಣ್ಣ ಹಚ್ಚುವುದು ಒಂದು ಬಾಗಿಲು. ಅದನ್ನು ಮುಚ್ಚಬಾರದು.

ಸಂಪಿಗೆ ಅವರೇ, ನಾನು ಮಾಡುವ ಕೆಲವು ಸಣ್ಣ ಉಪಾಯಗಳು ಹೇಳುತ್ತೇನೆ. ಮೊದಲನೆಯದು, ನಾಲ್ಕೈದು ಹಾಳೆಗಳಿಗೆ ಹಿಂದಿನ ರಾತ್ರಿಯೇ ಎಲ್ಲ ಮಡಿಕೆ ಹಾಕಿ, ಮತ್ತೆ ಬಿಚ್ಚಿ, ಪುಸ್ತಕದ ಕೆಳಗೆ ಇಟ್ಟು ಚಪ್ಪಟೆ ಮಾಡಿಟ್ಟುಕೊಳ್ಳಿ. ನೋಡಲು ಹೊಸ ಹಾಳೆಯ ಹಾಗೇ ಇರುತ್ತದೆ. ಕಷ್ಟಪಡುವ ಮಗುವಿಗೆ ಸದ್ದಿಲ್ಲದೆ ಅದನ್ನು ಕೊಡಿ. ಗೆರೆ ಮೊದಲೇ ಇರುವುದರಿಂದ ಕಾಗದವೇ ಅವನ ಕೈಯನ್ನು ಕರೆದುಕೊಂಡು ಹೋಗುತ್ತದೆ. ಮಾಡಿದ್ದು ಮಾತ್ರ ಅವನೇ.

ಮಡಿಸುವಾಗ ಅಂಚನ್ನು ತನ್ನಿಂದ ದೂರಕ್ಕೆ, ಕೆಳಗಿನಿಂದ ಮೇಲಕ್ಕೆ ಒಯ್ಯುವಂತೆ ಹೇಳಿ. ಆಗ ಎರಡು ಅಂಚೂ ಕಣ್ಣಿಗೆ ಕಾಣುತ್ತವೆ. ಓರೆ ಮಡಿಕೆ ಇದ್ದಾಗ ಹಾಳೆಯನ್ನೇ ತಿರುಗಿಸಿಕೊಳ್ಳಲಿ. ಒಂದು ಕೈ ಒತ್ತಿ ಹಿಡಿದಿರಬೇಕು, ಇನ್ನೊಂದು ಕೈ ಗೆರೆ ಎಳೆಯಬೇಕು. ನಾನು ಮಕ್ಕಳಿಗೆ "ಒಂದು ಕೈ ಪೇಪರ್‌ವೇಟ್, ಒಂದು ಕೈ ಇಸ್ತ್ರಿಪೆಟ್ಟಿಗೆ" ಎನ್ನುತ್ತೇನೆ. ಬೆರಳು ಸೋತರೆ ಐಸ್‌ಕ್ಯಾಂಡಿ ಕಡ್ಡಿಯಿಂದ ಉಜ್ಜಲಿ. ಎಡಗೈ ಮಕ್ಕಳ ಎದುರಿಗೆ ನೀವು ಕೂತರೆ ಕನ್ನಡಿಯಲ್ಲಿ ನೋಡಿದ ಹಾಗೆ ಕಲಿಯುತ್ತಾರೆ.

ಇನ್ನೊಂದು. ನೀವು ತೋರಿಸುವ ಹಾಳೆ ದೊಡ್ಡದಿರಲಿ. 22 ಮಕ್ಕಳಿಗೆ 15 ಸೆಂಟಿಮೀಟರ್ ಹಾಳೆ ಹಿಂದಿನ ಬೆಂಚಿಗೆ ಕಾಣುವುದೇ ಇಲ್ಲ. ಗಿಫ್ಟ್ ಸುತ್ತುವ ಕಾಗದದಲ್ಲಿ ಒಂದು ಮೊಳ ಅಗಲದ ಚೌಕ ಕತ್ತರಿಸಿಕೊಳ್ಳಿ.

ಗಣಿತ ಮಾಸ್ತರ್ (ಧಾರವಾಡ), ಅಕ್ಟೋಬರ್ 11

ನಾನು ನಿವೃತ್ತ ಶಿಕ್ಷಕ. 34 ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ್ದೇನೆ. ಹ್ಯಾಲೋವೀನ್ ನನಗೆ ಹೊಸದು. ಮಡಿಕೆ ಹಳೆಯ ಗೆಳೆಯ.

ಮಳೆಹನಿ ತಾಯಿ ಹೇಳಿದ ಕುಂಬಳಕಾಯಿಯನ್ನು ನಿನ್ನೆ ರಾತ್ರಿ ಮಡಿಸಿ ನೋಡಿದೆ. 15 ಸೆಂಟಿಮೀಟರ್ ಚೌಕ ಅಂದರೆ 225 ಚದರ ಸೆಂಟಿಮೀಟರ್. ತ್ರಿಕೋನ ಅದರ ಅರ್ಧ. ಡೈಮಂಡ್ ಮತ್ತೆ ಅದರ ಅರ್ಧ. ಅಂದರೆ ಹಾಳೆಯ ಸರಿಯಾಗಿ ಕಾಲು ಭಾಗ, ಪ್ರತಿ ಬದಿ ಏಳೂವರೆ ಸೆಂಟಿಮೀಟರ್. ಹಾಗಾಗಿ ಎಲ್ಲಿ ಮುಟ್ಟಿದರೂ ನಾಲ್ಕು ಪದರ. ಮೂಲೆ ಒಳಕ್ಕೆ ಮಡಿಸಿದ ಜಾಗದಲ್ಲಿ ಎಂಟು. ಈ ಲೆಕ್ಕ ನಿಮ್ಮ ಕಾಗದದ ಪ್ರಶ್ನೆಗೆ ಉತ್ತರ ಕೊಡುತ್ತದೆ. ದಪ್ಪ ಡ್ರಾಯಿಂಗ್ ಹಾಳೆ ತಂದರೆ ಕೊನೆಯ ಮಡಿಕೆಯಲ್ಲಿ ಮಗುವಿನ ಬೆರಳು ಎಂಟು ದಪ್ಪ ಪದರಗಳ ಜೊತೆ ಹೋರಾಡಬೇಕು. ಅಲ್ಲೇ ಅಳು ಶುರುವಾಗುತ್ತದೆ.

ಹಾಳೆ ಬಿಚ್ಚಿ ತೋರಿಸಿ "ಎಷ್ಟು ತ್ರಿಕೋನ ಕಾಣುತ್ತದೆ?" ಎಂದು ಮಕ್ಕಳನ್ನು ಕೇಳಿ. ಅರ್ಧ, ಕಾಲು ಎಂಬುದು ಕೈಯಲ್ಲೇ ತಿಳಿಯುತ್ತದೆ. 1893ರಲ್ಲಿ ಮದರಾಸಿನಲ್ಲಿ ಟಿ. ಸುಂದರ ರಾವ್ ಅವರು ಬರೀ ಕಾಗದ ಮಡಿಸಿ ರೇಖಾಗಣಿತ ಕಲಿಸುವ ಒಂದು ಇಂಗ್ಲಿಷ್ ಪುಸ್ತಕ ಪ್ರಕಟಿಸಿದರು. ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಕೂಡ ಅದನ್ನು ಮೆಚ್ಚಿ ಬರೆದರು. ರಾವ್ ಅವರಿಗೆ ಈ ಯೋಚನೆ ಬಂದದ್ದು ಕಿಂಡರ್‌ಗಾರ್ಟನ್ ಮಕ್ಕಳಿಗೆ ಕೊಡುವ ಬಣ್ಣದ ಚೌಕ ಹಾಳೆಗಳನ್ನು ನೋಡಿ. ಚಿಕ್ಕ ಮಕ್ಕಳ ಆಟದಿಂದ ದೊಡ್ಡ ಗಣಿತ ಬಂತು ಎಂಬುದು ನನಗೆ ಇಂದಿಗೂ ರೋಮಾಂಚನ ತರುತ್ತದೆ.

ರಾಗಿಮುದ್ದೆ, ಅಕ್ಟೋಬರ್ 12

ಮಾಸ್ತರೇ, ಎಂಟು ಪದರದ ಮಾತು ಓದಿ ನನಗೆ ಕಳೆದ ವರ್ಷದ ಒಂದು ಸಂಗತಿ ನೆನಪಾಯಿತು. ಇಲ್ಲಿ ಹಂಚಿಕೊಳ್ಳಬೇಕು ಅನಿಸಿತು.

ಮಗಳಿಗೆ ಆಗ ಐದು ವರ್ಷ. ಇಬ್ಬರೂ ಕೂತು ಕುಂಬಳಕಾಯಿ ಮಾಡಿದೆವು. ದಪ್ಪ ಹಾಳೆಯೇ ಇತ್ತು. ಅವಳದ್ದು ಓರೆಕೋರೆಯಾಗಿತ್ತು, ಒಂದು ಕಡೆ ಬಿಳಿ ಇಣುಕುತ್ತಿತ್ತು, ಮೂಲೆಗಳು ಮೇಲೆದ್ದಿದ್ದವು. ಮುಂದಿನ ಬಾಗಿಲ ಗಾಜಿಗೆ ಹಚ್ಚಿ ಮಲಗಿದಳು. ರಾತ್ರಿ ನಾನು ಅದನ್ನು ತೆಗೆದು, ಬಿಚ್ಚಿ, ನೆಟ್ಟಗೆ ಮಡಿಸಿ ಮತ್ತೆ ಅಲ್ಲೇ ಹಚ್ಚಿದೆ. ಒಳ್ಳೆಯದಕ್ಕೇ ಮಾಡಿದೆ ಎಂದುಕೊಂಡಿದ್ದೆ. ಬೆಳಗ್ಗೆ ಅವಳು ಬಾಗಿಲ ಮುಂದೆ ನಿಂತು ಬಹಳ ಹೊತ್ತು ನೋಡಿದಳು. ಆಮೇಲೆ "ಅಪ್ಪ, ನನ್ನದು ಎಲ್ಲಿ?" ಎಂದಳು. ಇದೇ ನಿನ್ನದು ಎಂದೆ. "ಅಲ್ಲ, ನನ್ನದಕ್ಕೆ ಇಲ್ಲಿ ಬಿಳಿ ಇತ್ತು" ಎಂದು ಬೆರಳು ಇಟ್ಟು ತೋರಿಸಿದಳು.

ಅದಾದ ಮೇಲೆ ಆ ತಿಂಗಳು ಅವಳು ಹಾಳೆ ಮುಟ್ಟಲಿಲ್ಲ. ನಾನು ಕ್ಷಮೆ ಕೇಳಿದೆ. ಈ ವರ್ಷ ಅವಳು ಮಡಿಸಿದ ಮೇಲೆ ನಾನು ಕೈ ಹಚ್ಚುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಹಾಳೆಯ ಹಿಂದೆ ಅವಳೇ ಹೆಸರು ಬರೆಯುತ್ತಾಳೆ. ಸಂಪಿಗೆ ಅವರೇ, ಆ ದಿನ ನಿಮ್ಮ ಜೊತೆ ಬರುವ ಇನ್ನಿಬ್ಬರು ಅಪ್ಪ ಅಮ್ಮಂದಿರಿಗೂ ಮೊದಲೇ ಹೇಳಿಡಿ. ಮಗುವಿನ ಹಾಳೆ ಕಸಿದುಕೊಂಡು ಸರಿಮಾಡಬೇಡಿ ಎಂದು. ತೋರಿಸಬೇಕಾದರೆ ಅವರ ಕೈಯಲ್ಲಿ ಬೇರೆ ಹಾಳೆ ಇರಲಿ.

ಕೊಕ್ಕರೆ, ಅಕ್ಟೋಬರ್ 12

ರಾಗಿಮುದ್ದೆ ಅವರೇ, ಇದನ್ನು ಎರಡು ಸಲ ಓದಿದೆ. ನಾನು ಮೇಲೆ "ಶುದ್ಧವಾಗಿ ಕಲಿಸಬೇಕು" ಎಂದು ಬರೆದೆ. ಆರು ವರ್ಷದವರಿಗೆ ಆ ಮಾತು ಬೇಡ. ನನ್ನ ಮಾತು ದೊಡ್ಡ ಮಕ್ಕಳಿಗೆ ಇರಲಿ.

ಆದರೆ ಮಕ್ಕಳ ಕೈಯಲ್ಲಿ ಕತ್ತರಿಯೇ ಬೇಡ ಎನ್ನುವವರಿಗೆ ಒಂದು ದೆವ್ವ ಹೇಳಿಕೊಡುತ್ತೇನೆ. ಬಿಳಿ ಹಾಳೆಯಲ್ಲಿ ಮೂಲೆಯಿಂದ ಮೂಲೆಗೆ ಒಂದು ಗೆರೆ ಹಾಕಿ ಬಿಚ್ಚಿ. ಒಂದು ತುದಿಯ ಎರಡೂ ಅಂಚುಗಳನ್ನು ಆ ಗೆರೆಗೆ ತಂದು ಸೇರಿಸಿದರೆ ಗಾಳಿಪಟದ ಆಕಾರ. ತಿರುಗಿಸಿ. ಅಗಲದ ಕಡೆ ಮೇಲಿರಲಿ. ಮೇಲಿನ ತುದಿ, ಎರಡು ಪಕ್ಕದ ತುದಿಗಳನ್ನು ಹಿಂದಕ್ಕೆ ಮಡಿಸಿದರೆ ದುಂಡು ತಲೆ. ಕೆಳಗಿನ ಚೂಪು ಬಾಲವನ್ನು ಪಕ್ಕಕ್ಕೆ ಬಗ್ಗಿಸಿದರೆ ದೆವ್ವ ಗಾಳಿಯಲ್ಲಿ ತೇಲಿದ ಹಾಗೆ. ಅಂಟೂ ಬೇಡ.

ಹಳೇಬೀಡು ಹುಡುಗ (ಡಬ್ಲಿನ್, ಐರ್ಲೆಂಡ್), ಅಕ್ಟೋಬರ್ 13

ಎಲ್ಲರೂ ಕುಂಬಳಕಾಯಿ ಎನ್ನುತ್ತಿದ್ದೀರಿ. ನಾನು ಇರುವ ಊರಿನಿಂದ ಒಂದು ಮಾತು ಸೇರಿಸುತ್ತೇನೆ.

ಹ್ಯಾಲೋವೀನ್‌ನ ಬೇರು ಇಲ್ಲೇ ಇದೆ. ಸುಗ್ಗಿ ಮುಗಿದು ಚಳಿಗಾಲ ಶುರುವಾಗುವ ಹೊತ್ತಿನ ಹಳೆಯ ಸೆಲ್ಟಿಕ್ ಹಬ್ಬ ಅದು. ಐರಿಷ್ ಭಾಷೆಯಲ್ಲಿ ಸೌಇನ್ ಎನ್ನುತ್ತಾರೆ. ಸತ್ತವರು ಆ ರಾತ್ರಿ ಹತ್ತಿರ ಬರುತ್ತಾರೆ ಎಂಬ ನಂಬಿಕೆ. ಆಮೇಲೆ ಕ್ರೈಸ್ತರ ಸಕಲ ಸಂತರ ದಿನ ನವೆಂಬರ್ 1ಕ್ಕೆ ಬಂತು. ಅದರ ಹಿಂದಿನ ಸಂಜೆಯೇ ಹ್ಯಾಲೋವೀನ್. ಇಲ್ಲಿ ಹಿಂದೆ ದೀಪಕ್ಕೆ ಕೊರೆಯುತ್ತಿದ್ದುದು ಕುಂಬಳಕಾಯಿ ಅಲ್ಲ, ಟರ್ನಿಪ್. ಮೂಲಂಗಿಯ ಜಾತಿಯ ಗಡ್ಡೆ. ಅಮೆರಿಕಕ್ಕೆ ವಲಸೆ ಹೋದವರಿಗೆ ಅಲ್ಲಿ ಕುಂಬಳಕಾಯಿ ಸಿಕ್ಕಿತು. ದೊಡ್ಡದು, ಮೆತ್ತಗೆ, ಕೊರೆಯಲು ಸುಲಭ. ಹಾಗೆ ಬದಲಾಯಿತು. ಇಲ್ಲಿ ಮೇಯೊ ಕೌಂಟಿಯಲ್ಲಿರುವ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಶಾಖೆಯಲ್ಲಿ ಒಂದು ಹಳೆಯ ಟರ್ನಿಪ್ ದೀಪದ ಅಚ್ಚು ಇಟ್ಟಿದ್ದಾರೆ. ಸುಕ್ಕುಗಟ್ಟಿದ ಮುಖ, ಹಲ್ಲು ಕಿಸಿದಿದೆ. ಅದನ್ನು ನೋಡಿದ ಮೇಲೆ ಯಾವ ಪ್ಲಾಸ್ಟಿಕ್ ಮುಖವಾಡವೂ ಹೆದರಿಸುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನೆ ಮಗನ ಜೊತೆ ಮಳೆಹನಿ ಅವರ ಕುಂಬಳಕಾಯಿ ಮಡಿಸುವಾಗ ಅವನು ಕೆಳಗಿನ ಮೂಲೆಯನ್ನು ಮಡಿಸುವುದು ಮರೆತ. ಚೂಪಾಗಿ ಹಾಗೇ ಉಳಿಯಿತು. ನೋಡಿದರೆ ಅದು ಟರ್ನಿಪ್! ಚೂಪಾದ ಬೇರು ಕೆಳಗೆ, ದುಂಡು ಮೈ ಮೇಲೆ. ನೇರಳೆ ಬಣ್ಣದ ಹಾಳೆ ತಂದು ಆರು ಮಾಡಿದೆವು. ಯಾವ ಮಗುವಾದರೂ ಒಂದು ಮಡಿಕೆ ಮರೆತರೆ "ನೀನು ಮಾಡಿದ್ದು ಹಳೆಯ ಕಾಲದ ಹ್ಯಾಲೋವೀನ್ ದೀಪ" ಎಂದು ಹೇಳಬಹುದು. ಅದು ಸುಳ್ಳು ಸಮಾಧಾನ ಅಲ್ಲ, ನಿಜವೇ.

ಇಲ್ಲಿ ಮಳೆ ಗಾಳಿಗೆ ಹೊರಗೆ ಕಾಗದ ನಿಲ್ಲುವುದಿಲ್ಲ. ತೇವಕ್ಕೆ ಮಡಿಕೆಗಳು ಸಡಿಲವಾಗಿ ಬಿಚ್ಚಿಕೊಳ್ಳುತ್ತವೆ. ಕಿಟಕಿಯ ಒಳಗಡೆಯೇ ಹಚ್ಚುತ್ತೇವೆ.

ಶಿರಸಿ ಅಜ್ಜಿ (ಶಿರಸಿ), ಅಕ್ಟೋಬರ್ 14

ಮಕ್ಕಳೇ, ನನಗೆ 71 ವರ್ಷ. ಮಗಳು ಹೇಳಿಕೊಟ್ಟಿದ್ದರಿಂದ ಇಲ್ಲಿ ಓದುತ್ತೇನೆ. ಬರೆಯುವುದು ನಿಧಾನ.

ಮೊಮ್ಮಗ ಸಿಯಾಟಲ್‌ನಲ್ಲಿ. ಅವನ ಮನೆ ಬಾಗಿಲಿಗೆ ಕಪ್ಪು ಬಾವಲಿ ಕಟ್ಟಿದ್ದನ್ನು ವಿಡಿಯೊದಲ್ಲಿ ನೋಡಿದಾಗ ಮೊದಲು ನನಗೆ ಸರಿ ಅನಿಸಲಿಲ್ಲ. ದೀಪಾವಳಿ ಎದುರಿಗೆ ಇರುವಾಗ ಬಾಗಿಲಿಗೆ ಬಾವಲಿಯೇ? ಮಗಳಿಗೆ ಹೇಳಿಯೂ ಬಿಟ್ಟೆ. ಆಮೇಲೆ ಯೋಚನೆ ಮಾಡಿದೆ. ನಮ್ಮಲ್ಲೂ ಹೊಸ ಮನೆ ಕಟ್ಟುವಾಗ ಬೂದುಗುಂಬಳಕ್ಕೆ ದೊಡ್ಡ ಕಣ್ಣು, ಮೀಸೆ, ಕೋರೆಹಲ್ಲು ಬರೆದು ದೃಷ್ಟಿಗೆ ತೂಗುಹಾಕುತ್ತೇವೆ. ಅದು ಯಾರನ್ನೂ ಹೆದರಿಸಲಿಕ್ಕಲ್ಲ, ಕೆಟ್ಟದ್ದು ಹತ್ತಿರ ಬಾರದಿರಲಿ ಎಂದು. ಪಕ್ಷಮಾಸದಲ್ಲಿ ಸತ್ತವರನ್ನು ನೆನೆದು ಎಡೆ ಇಡುತ್ತೇವೆ. ಡಬ್ಲಿನ್ ತಮ್ಮ ಬರೆದದ್ದು ಓದಿದ ಮೇಲೆ ಅಲ್ಲಿಯವರ ಹಬ್ಬವೂ ಅಷ್ಟು ದೂರದ್ದು ಅನಿಸಲಿಲ್ಲ.

ನಿನ್ನೆ ನಾನೂ ಮೊಮ್ಮಗನೂ ಫೋನ್ ಎದುರಿಗಿಟ್ಟುಕೊಂಡು ಒಟ್ಟಿಗೆ ಮಡಿಸಿದೆವು. ನನ್ನ ಹತ್ತಿರ ಬಣ್ಣದ ಕಾಗದ ಎಲ್ಲಿಂದ ಬರಬೇಕು? ಹಳೆಯ ಕ್ಯಾಲೆಂಡರಿನ ಹಾಳೆ ತೆಗೆದೆ. ಒಂದು ಮೂಲೆ ಓರೆಯಾಗಿ ಎದುರು ಅಂಚಿಗೆ ಮಡಿಸಿ, ಹೆಚ್ಚಾದ ಪಟ್ಟಿಯನ್ನು ಉಗುರಿನಲ್ಲಿ ಗೆರೆ ಎಳೆದು ಹರಿದರೆ ಚೌಕ ಆಯಿತು. ದೋಣಿ ಮಾಡುವ ಕಾಲದಿಂದ ಇದೇ ರೂಢಿ. ಅವನ ಬೆಕ್ಕಿಗೆ ಕಪ್ಪು ಬಣ್ಣ. ನನ್ನ ಬೆಕ್ಕಿನ ಹಣೆಯ ಮೇಲೆ ಏಕಾದಶಿ ಎಂದು ಬರೆದಿತ್ತು. ಅವನು "ಅಜ್ಜಿ, ನಿನ್ನ ಬೆಕ್ಕಿಗೆ ತಾರೀಖು ಇದೆ" ಎಂದು ಎಷ್ಟು ನಕ್ಕ! ನನಗೆ ಅಷ್ಟೇ ಸಾಕಾಯಿತು.

ಕ್ವೀನ್ಸ್ ಅಮ್ಮ (ನ್ಯೂಯಾರ್ಕ್), ಅಕ್ಟೋಬರ್ 14

ಅಜ್ಜಿ, ಓದಿ ಕಣ್ಣು ತುಂಬಿತು. ಈ ವರ್ಷ ಹ್ಯಾಲೋವೀನ್, ದೀಪಾವಳಿ ಎರಡೂ ಒಂದೇ ಸಂಜೆ ಬಂದಿದೆ, ಅಕ್ಟೋಬರ್ 31. ಇಲ್ಲಿನ ಸರ್ಕಾರಿ ಶಾಲೆಗಳಿಗೆ ನವೆಂಬರ್ 1ಕ್ಕೆ ದೀಪಾವಳಿ ರಜೆ ಕೊಟ್ಟಿದ್ದಾರೆ, ಇದೇ ಮೊದಲ ಸಲ. ಹಾಗಾಗಿ ಎಲ್ಲರಿಗೂ ಒಂದು ಎಚ್ಚರಿಕೆ. ಅಲಂಕಾರದ ಕಾಗದ ಬಾಗಿಲಲ್ಲಿ, ಹಣತೆ ಹೊಸ್ತಿಲಲ್ಲಿ. ಉದ್ದ ಅಂಗಿ, ಮುಖವಾಡ ಹಾಕಿಕೊಂಡ ಮಕ್ಕಳು ಓಡಿ ಬರುತ್ತಾರೆ. ಬಾಗಿಲ ಹತ್ತಿರ ಬ್ಯಾಟರಿ ದೀಪವೇ ಇರಲಿ. ಎಣ್ಣೆಯ ಹಣತೆ ಒಳಗೆ ದೇವರ ಮುಂದೆ.

ಅಂಟಿಸುವ ಪ್ಲಾಸ್ಟಿಕ್ ಗುಂಡು ಕಣ್ಣುಗಳನ್ನು ಚಿಕ್ಕ ತಮ್ಮ ತಂಗಿಯರ ಬಾಯಿಗೆ ಸಿಗದಂತೆ ಇಡಿ. ಕಣ್ಣು ಬರೆದರೆ ಇನ್ನೂ ಒಳ್ಳೆಯದು.

ಸಂಪಿಗೆ, ಅಕ್ಟೋಬರ್ 20

ಎಲ್ಲರಿಗೂ ತುಂಬಾ ಧನ್ಯವಾದ. ಹತ್ತು ದಿನದಿಂದ ಮನೆಯಲ್ಲಿ ಬರೀ ಮಡಿಸುವುದೇ.

ನೋಡಿದ್ದು ಹೇಳುತ್ತೇನೆ. ಬೆಕ್ಕು ಮಗಳಿಗೆ ಎರಡನೇ ಸಲಕ್ಕೇ ಬಂತು. ಕುಂಬಳಕಾಯಿ ಮೂರನೇ ಸಲಕ್ಕೆ. ಡೈಮಂಡ್‌ನಲ್ಲಿ ಸೀಳು ಮೇಲಿರಬೇಕೋ ಕೆಳಗಿರಬೇಕೋ ಎಂಬಲ್ಲಿ ತೊಡಕಾಯಿತು. "ಸೀಳು ಅಂದರೆ ಬೆನ್ನಿನ ಜಿಪ್, ಮೂಲೆಗಳನ್ನು ಜಿಪ್ ಕಡೆ ಮಡಿಸು" ಎಂದೆ. ತಕ್ಷಣ ಅರ್ಥವಾಯಿತು. ಬಾವಲಿಯ ನೆರಿಗೆ ಇನ್ನೂ ಕಷ್ಟ. ಅದನ್ನು ತರಗತಿಯಲ್ಲಿ ಮಾಡಿಸುವುದಿಲ್ಲ, ಕೈಬಿಟ್ಟಿದ್ದೇನೆ. ಎರಡೂ ಕಡೆ ಕಪ್ಪಿನ ಹಾಳೆಯೇ ನನಗೆ ಮೊದಲು ಸಿಕ್ಕಿದ್ದು. ಮಳೆಹನಿ ಅವರು ಹೇಳಿದ್ದು ನಿಜ. ನನ್ನ ಕಣ್ಣಿಗೇ ಗೆರೆ ಕಾಣಲಿಲ್ಲ. ಪ್ರಿಂಟರ್ ಹಾಳೆಯಲ್ಲಿ ಎಂಟೂವರೆ ಇಂಚಿನ ಚೌಕ ಕತ್ತರಿಸಿ ಮಾಡಿದ್ದು ಎಲ್ಲಕ್ಕಿಂತ ಸಲೀಸು. ದೊಡ್ಡದು, ತೆಳು. ಬಣ್ಣ ಮಕ್ಕಳೇ ಹಚ್ಚಬಹುದು, ಆದರೆ ಹೊತ್ತು ಸಾಲುವುದಿಲ್ಲ.

ಒಂದು ಪ್ರಶ್ನೆ ಉಳಿದಿದೆ. ಕುಂಬಳಕಾಯಿ ಕಿಟಕಿಗೆ ಹೋಗುತ್ತದೆ. ಮನೆಗೆ ಒಯ್ಯಲು ಏನಾದರೂ ಬೇಕು ಅಲ್ವಾ?

ನೀಲಿ ಪೆನ್ಸಿಲ್, ಅಕ್ಟೋಬರ್ 20

ಪುಸ್ತಕದ ಮೂಲೆಗೆ ಸಿಕ್ಕಿಸುವ ರಾಕ್ಷಸ ಬುಕ್‌ಮಾರ್ಕ್ ಮಾಡಿಸಿ. ಅರ್ಧ ದಾರಿ ಕುಂಬಳಕಾಯಿಯದ್ದೇ. ತ್ರಿಕೋನ, ತುದಿ ಮೇಲೆ. ಎಡ ಬಲ ಮೂಲೆಗಳನ್ನು ಮೇಲಿನ ತುದಿಗೆ ತಂದು, ಗೆರೆ ಒತ್ತಿ, ಮತ್ತೆ ಬಿಚ್ಚಿ. ಮೇಲಿನ ತುದಿಯಲ್ಲಿ ಎರಡು ಪದರ ಇದೆಯಲ್ಲ, ಮುಂದಿನ ಪದರವನ್ನು ಮಾತ್ರ ಕೆಳಗಿನ ಅಂಚಿಗೆ ಇಳಿಸಿ. ಅಲ್ಲೊಂದು ಜೇಬು ಆಗುತ್ತದೆ. ಈಗ ಎಡ ಬಲ ಮೂಲೆಗಳನ್ನು ಮತ್ತೆ ಮೇಲಕ್ಕೆ ಮಡಿಸಿ ಆ ಜೇಬಿನೊಳಗೆ ತೂರಿಸಿ. ಮುಗಿಯಿತು. ಒಳಗೆ ಬಿಳಿ ಹಲ್ಲು, ಮೇಲೆ ಕಣ್ಣು. ಪುಸ್ತಕದ ಹಾಳೆಯನ್ನು ರಾಕ್ಷಸ ಕಚ್ಚಿಕೊಂಡ ಹಾಗೆ ಕಾಣುತ್ತದೆ.

ತೂರಿಸುವ ಹೆಜ್ಜೆಯಲ್ಲಿ ಮಕ್ಕಳು ನಿಲ್ಲುತ್ತಾರೆ. ಅಲ್ಲಿ ಆತುರ ಮಾಡಬೇಡಿ. ಮೊದಲು ಮುಗಿಸಿದ ಮಗು ಪಕ್ಕದವರಿಗೆ ಹೇಳಿಕೊಡಲಿ. ಮಕ್ಕಳು ಮಕ್ಕಳಿಂದ ಬೇಗ ಕಲಿಯುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನಲ್ಲೂ ಈಗ ಹ್ಯಾಲೋವೀನ್ ಮಾಡುತ್ತಾರೆ. ಕಳೆದ ವರ್ಷ ಕ್ಲಬ್‌ಹೌಸ್‌ನಲ್ಲಿ ಇದನ್ನೇ ಮಾಡಿಸಿದೆ. ಒಂಬತ್ತು ವರ್ಷದ ಹುಡುಗಿಯೊಬ್ಬಳು ಹತ್ತು ಜನಕ್ಕೆ ಕಲಿಸಿದಳು.

ಮಳೆಹನಿ, ಅಕ್ಟೋಬರ್ 21

ಜೇಡ ಬೇಕೇ ಬೇಕು ಎಂದು ಹಟ ಹಿಡಿಯುವವರಿಗೆ: ಕಪ್ಪು ಕಾಗದದ ಎರಡು ತೆಳು ಪಟ್ಟಿಗಳನ್ನು ಒಂದರ ಮೇಲೊಂದು ಅಡ್ಡಡ್ಡ ಇಟ್ಟು ತುದಿಗೆ ಅಂಟಿಸಿ, ಸರದಿಯಂತೆ ಮಡಿಸುತ್ತಾ ಹೋದರೆ ಸ್ಪ್ರಿಂಗ್ ಆಗುತ್ತದೆ. ಅಂಥ ಎಂಟು ಕಾಲನ್ನು ದುಂಡು ಹಾಳೆಗೆ ಅಂಟಿಸಿದರೆ ಜೇಡ ಕುಣಿಯುತ್ತದೆ. ನಾಲ್ಕು ಮಕ್ಕಳು ಸೇರಿ ಒಂದು ಜೇಡ. ಕೊಕ್ಕರೆ ಅವರು ಒಪ್ಪಲಿಕ್ಕಿಲ್ಲ!

ಕೊಕ್ಕರೆ, ಅಕ್ಟೋಬರ್ 21

ಒಪ್ಪಿದ್ದೇನೆ. ಅಣ್ಣನ ಮಗನಿಗೆ ನಾನೂ ಮಾಡಿಕೊಟ್ಟೆ.

ಸಂಪಿಗೆ, ನವೆಂಬರ್ 1

ನಿನ್ನೆ ಮುಗಿಯಿತು. ಹೇಗಾಯಿತು ಎಂದು ಹೇಳದೆ ಇರಲಾರೆ.

ವೇಷದ ಮೆರವಣಿಗೆ ತಡವಾಗಿ, 40 ನಿಮಿಷ ಎಂದದ್ದು 25 ನಿಮಿಷಕ್ಕೆ ಇಳಿಯಿತು. ಬುಕ್‌ಮಾರ್ಕ್ ಮಾಡಿಸಲು ಆಗಲಿಲ್ಲ. ಮಡಿಸುವ ಹಾಳೆ ಒಂದೊಂದು ಕೈಗೆ ಕೊಟ್ಟು, ನಾನು ಮಾಡಿದ್ದೊಂದನ್ನು ಟೀಚರ್ ಮೇಜಿನ ಮೇಲೆ ಬಿಟ್ಟು ಬಂದೆ. ಮುಂದಿನ ವಾರ ಓದುವ ಹೊತ್ತಿನಲ್ಲಿ ಅವರೇ ಮಾಡಿಸುತ್ತಾರಂತೆ.

ಕುಂಬಳಕಾಯಿ ಮಾತ್ರ 22 ಮಕ್ಕಳೂ ಮುಗಿಸಿದರು. ಎಲ್ಲರೂ ತಾವೇ. ಡೈನೋಸಾರ್ ವೇಷದ ಹುಡುಗನಿಗೆ ಕೈಗವಸು ತೆಗೆಯಲು ಮನಸ್ಸಿರಲಿಲ್ಲ. ಉಗುರು ಇಲ್ಲದೆ ಗೆರೆ ಬೀಳಲಿಲ್ಲ. ಐಸ್‌ಕ್ಯಾಂಡಿ ಕಡ್ಡಿ ಕೊಟ್ಟೆ, ಮುಗಿಸಿದ. ಮೊದಲೇ ಗೆರೆ ಹಾಕಿಟ್ಟ ಹಾಳೆಗಳಲ್ಲಿ ಮೂರು ಬಳಕೆಯಾದವು. ಯಾರಿಗೂ ಗೊತ್ತಾಗಲಿಲ್ಲ. ಇಬ್ಬರು ಕೆಳಗಿನ ಮೂಲೆ ಮರೆತರು. ಟರ್ನಿಪ್ ಕಥೆ ಹೇಳಿದೆ. ಆಮೇಲೆ ನೋಡಿದರೆ ಇನ್ನೂ ಐದಾರು ಜನ ತಮ್ಮ ಮೂಲೆ ಬಿಚ್ಚಿಕೊಂಡು ಟರ್ನಿಪ್ ಮಾಡಿಕೊಂಡಿದ್ದರು!

ಜೊತೆಗೆ ಬಂದ ಒಬ್ಬ ಅಪ್ಪ ಮಗಳ ಹಾಳೆ ತೆಗೆದುಕೊಳ್ಳಲು ಕೈ ಚಾಚಿದರು. ನಾನು ಅವರ ಕೈಗೆ ಇನ್ನೊಂದು ಹಾಳೆ ಕೊಟ್ಟೆ. ಅವರು ನಕ್ಕು ಮಗಳ ಪಕ್ಕ ಕೂತು ತಾವೂ ಒಂದು ಮಡಿಸಿದರು. ರಾಗಿಮುದ್ದೆ ಅವರೇ, ಅದು ನಿಮ್ಮಿಂದ.

ಸಂಜೆ ಮನೆಯಲ್ಲಿ ಲಕ್ಷ್ಮೀಪೂಜೆ. ಬಾಗಿಲಿಗೆ ಮಾವಿನೆಲೆ ಸಿಗಲಿಲ್ಲ. ಮಗಳು ವಾರವಿಡೀ ಮಡಿಸಿದ ಏಳು ಬಾವಲಿ, ನಾಲ್ಕು ಬೆಕ್ಕು ದಾರದಲ್ಲಿ ತೂಗುತ್ತಿದ್ದವು. ಕೆಳಗೆ ರಂಗೋಲಿ, ಬ್ಯಾಟರಿ ಹಣತೆ. ಅವಳ ತರಗತಿಯ ಒಬ್ಬ ಹುಡುಗ ಚಾಕೊಲೇಟ್ ಕೇಳಲು ಬಂದವನು ಬೆಕ್ಕನ್ನು ನೋಡಿ, ಇದನ್ನು ಹೇಗೆ ಮಾಡಿದೆ ಎಂದು ಅವಳನ್ನು ಕೇಳಿದ. ಅವಳು ಒಳಗೆ ಓಡಿ ಹಾಳೆ ತಂದು, ಮೆಟ್ಟಿಲ ಮೇಲೆ ಕೂತು ಅವನಿಗೆ ಮಡಿಸಿ ತೋರಿಸಿದಳು. ಹಿಂದೆ ಐದಾರು ಮಕ್ಕಳು ಚೀಲ ಹಿಡಿದು ಕಾಯುತ್ತಾ ನಿಂತಿದ್ದರು.

ಇವತ್ತು ಬೆಳಗ್ಗೆ ರಾಜ್ಯೋತ್ಸವ ಎಂದು ನೆನಪಿಸಿದೆ. ಶಾಲೆಗೆ ಹೊರಡುವ ಮೊದಲು ಹಳದಿ ಹಾಳೆ, ಕೆಂಪು ಹಾಳೆ ತೆಗೆದುಕೊಂಡು ತ್ರಿಕೋನ ಮಡಿಸುತ್ತಿದ್ದಳು. ಏನು ಮಾಡುತ್ತಿದ್ದೀ ಎಂದರೆ ಹೇಳಲಿಲ್ಲ. ಮೇಜಿನ ಮೇಲೆ ಅರ್ಧ ಆಗಿದೆ. ನಾನು ಮುಟ್ಟಿಲ್ಲ.

ಶಿರಸಿ ಅಜ್ಜಿ, ನವೆಂಬರ್ 1

ಮುಗಿದ ಮೇಲೆ ಅದರ ಫೋಟೊ ಹಾಕು ಮಗಳೇ. ನನ್ನ ಮೊಮ್ಮಗನಿಗೂ ತೋರಿಸುತ್ತೇನೆ. ಕ್ಯಾಲೆಂಡರಿನಲ್ಲಿ ಇನ್ನೂ ಎರಡು ತಿಂಗಳ ಹಾಳೆ ಉಳಿದಿವೆ.